ತೂಬಿನ ಹಲಗೆ ಎತ್ತಿದ ಕೈ

ಮೂರು ದಿನದಿಂದ ಮಿಹ್ರಾನನ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿ ಎದ್ದು ಹೋಗುತ್ತಿದ್ದರು: "ಹಣೇಲಿ ಬರೆದಿತ್ತು." ಸಾವಿನ ಮನೆಯಲ್ಲಿ ನಮ್ಮ ಬಸ್ರಾದವರಿಗೆ ಬೇರೆ ಮಾತೇ ಬರುವುದಿಲ್ಲ. ಪಾಪ, ಅವರಾದರೂ ಏನು ಹೇಳಿಯಾರು? ಮದುವೆಯಾಗಿ ಹದಿನಾರು ವರ್ಷಕ್ಕೆ ಹುಟ್ಟಿದ ಒಬ್ಬನೇ ಮಗ ನುಸೈರ್, ಮೂರು ವರ್ಷದ ಕೂಸು, ಹಿತ್ತಲ ಖರ್ಜೂರದ ತೋಟದ ಕಾಲುವೆಯಲ್ಲಿ ಮುಳುಗಿ ಹೋಗಿದ್ದ.

ಮಿಹ್ರಾನ್ ಮಾತ್ರ ಆ ಮಾತಿಗೆ ಹೂಂ ಅನ್ನಲಿಲ್ಲ. ಅನ್ನುವುದಾದರೂ ಹೇಗೆ? ಹಗ್ಗ ಹೊಸೆದು ಬದುಕುವ ಈ ಮನುಷ್ಯ ದೊಡ್ಡ ಮಸೀದಿಯ ಕಂಬದ ಬುಡದಲ್ಲಿ ಕೂತು ಇಪ್ಪತ್ತು ವರ್ಷ ವಾದ ಮಾಡಿದ್ದು ಅದೇ ಮಾತಿನ ವಿರುದ್ಧ. "ಕೈ ನಿಂದು, ಕೆಲಸಾನೂ ನಿಂದೇ. ತಪ್ಪು ಮಾಡಿ ದೇವರು ಬರೆದಿದ್ದ ಅಂತೀಯಲ್ಲ, ದೇವರ ಮೇಲೇ ಸುಳ್ಳು ಹೊರಿಸೋಕೆ ನಾಚಿಕೆ ಆಗಲ್ವೇನಯ್ಯಾ?" ಎಂದು ಎಂಥೆಂಥವರ ಬಾಯಿ ಮುಚ್ಚಿಸಿದ್ದ.

ಮೂರನೇ ದಿನ ಮಧ್ಯಾಹ್ನ ಔನ್ ಬಂದ. ಮೀನು ಮಾರುವವನು, ಹತ್ತು ವರ್ಷದಿಂದ ಮಿಹ್ರಾನನ ಎದುರು ಕೂತು 'ಎಲ್ಲ ಹಣೆಬರಹ' ಎಂದು ಹಟ ಹಿಡಿದು, ದಿನಾ ಸೋತು, ಮರುದಿನ ಮತ್ತೆ ಬರುವ ಆಸಾಮಿ. ಗಂಜಿಯ ಪಾತ್ರೆ ಮುಂದಿಟ್ಟು ಕಣ್ಣೊರೆಸಿಕೊಂಡ.

"ಇವತ್ತೊಂದಿನ ಸೋತು ಬಿಡೋ ಮಾರಾಯ. ಮಸೀದೀಲಿ ಯಾರಿಗೂ ಹೇಳಲ್ಲ ನಾನು. ನಿನ್ನ ಹೆಂಡತಿ ಮುಖ ನೋಡು ಒಂದ್ಸಲ."

ಅವನು ಹೋದ ಮೇಲೆ ಹೆಂಡತಿ ರಬಾಬ್ ಎದುರಿಗೆ ಬಂದು ಕೂತಳು. "ಕಾಲುವೆ ತೂಬಿನ ಹಲಗೆ ಇಳಿಸೋದು ಮರೆತೆ, ನಾನೇ ಕೊಂದೆ" ಎಂದು ಊರಿಗೆಲ್ಲ ಹೇಳಿಕೊಂಡು ಅತ್ತು ಅವಳ ದನಿ ಬಿದ್ದುಹೋಗಿತ್ತು. ಮೊದಲ ಮಗನ ಹೆಸರಿನಿಂದ ಅಪ್ಪನನ್ನು ಕರೆಯುವುದು ನಮ್ಮ ಕಡೆಯ ವಾಡಿಕೆ. ಮಗು ಹುಟ್ಟಿದ ದಿನದಿಂದ 'ನುಸೈರನ ಅಪ್ಪಾ' ಎನ್ನುತ್ತಿದ್ದವಳು, ಈ ಮೂರು ದಿನ ಅವನನ್ನು ಏನೆಂದೂ ಕರೆದಿರಲಿಲ್ಲ.

"ಬರೆದಿತ್ತು ಅನ್ನಿ. ಒಂದೇ ಒಂದು ಸಲ. ನಿಮ್ಮ ಬಾಯಿಂದ ಕೇಳಬೇಕು ನಾನು."

ಅಯ್ಯೋ, ಎಷ್ಟು ಸುಲಭದ ಮಾತು! ಅಂದುಬಿಟ್ಟರೆ ಅವಳೂ ಪಾರು, ಅವನೂ ಪಾರು. ಯಾಕೆಂದರೆ ಹಲಗೆ ಎತ್ತಿದ್ದು ರಬಾಬ್ ಅಲ್ಲ, ಅವನೇ. ದಿನಕ್ಕೆರಡು ಸಲ ಸಮುದ್ರ ಉಕ್ಕಿ ನದಿಯ ನೀರು ಕಾಲುವೆಗಳಿಗೆ ಏರುತ್ತದಲ್ಲ, ಆ ಹೊತ್ತಿಗೆ ನಮಾಜಿಗೆ ಕೈಕಾಲು ತೊಳೆಯಲು ಹೊಸ ನೀರು ಬೇಕೆಂದು ಹಲಗೆ ಎಳೆದು, ಅದರ ಹಗ್ಗವನ್ನು ಖರ್ಜೂರದ ಮರಕ್ಕೆ ಬಿಗಿದಿದ್ದ. ತಲೆಯೊಳಗೆ ಅಂದಿನ ವಾದ ಓಡುತ್ತಿತ್ತು: ಕೈ ಎತ್ತಿದಾಗ ಎತ್ತಿದವರು ಯಾರು? ಅದರ ಗುಂಗಿನಲ್ಲೇ ಮಸೀದಿಗೆ ಹೊರಟುಹೋದ. ವಾದ ಗೆದ್ದು ಬಂದಾಗ ಮನೆ ಮುಂದೆ ಜನ ಸೇರಿದ್ದರು.

ಮೂರು ದಿನ ಹೆಂಡತಿಯ ತಲೆಯ ಮೇಲೆ ತನ್ನ ತಪ್ಪು ಬಿಟ್ಟು ಸುಮ್ಮನೆ ಕೂತಿದ್ದ, ಹೇಡಿ. ಈಗ ಅವಳ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದ:

"ಯಾರೂ ಬರೆದಿರಲಿಲ್ಲ ರಬಾಬ್. ಹಲಗೆ ಎತ್ತಿದ್ದು ನಾನು. ಇಳಿಸದೆ ಹೋದವನೂ ನಾನೇ."

ರಬಾಬ್ ಕಿರುಚಲಿಲ್ಲ.

"ಗೊತ್ತು. ಮಗೂನ ಮೇಲಕ್ಕೆ ಎಳೆದು ಹಾಕಿದಾಗಲೇ ನೋಡಿದೆ. ಮರಕ್ಕೆ ಹಾಕಿದ ಗಂಟು ನಿಮ್ಮದು. ಆ ಗಂಟು ಈ ಊರಲ್ಲಿ ಇನ್ಯಾರಿಗೆ ಬರುತ್ತೆ? ಜನ ಬರೋ ಮುಂಚೆ ಬಿಚ್ಚಿಬಿಟ್ಟೆ."

"ಮತ್ತೆ ನನ್ನ ಹತ್ರ ಬರೆದಿತ್ತು ಅನ್ನಿ ಅಂದಿದ್ದು..."

"ನೀವು ಹೇಳಿದ್ರೆ ನಾನೂ ನಂಬಿಬಿಡೋಣ ಅಂತ. ದೇವರು ಮಾಡಿದ್ದು ಅಂದ್ರೆ ಸಹಿಸ್ಕೊಂಡು ನಿಮ್ಮ ಜೊತೆ ಬಾಳ್ತಿದ್ದೆ. ನೀವು ಮಾಡಿದ್ದು ಅಂದ್ರೆ ಕ್ಷಮಿಸಬೇಕಲ್ಲ. ಅದನ್ನ ದೇವರು ಮಾಡಿಕೊಡಲ್ಲ, ನಾನೇ ಮಾಡ್ಬೇಕು. ನೀವೇ ಕಲಿಸಿದ್ದು."

ಹಿತ್ತಲಲ್ಲಿ ಕಾಲುವೆಗೆ ನೀರು ಏರುವ ಸದ್ದು ಕೇಳಿಸಿತು. ಅವಳು ಗಂಜಿಯ ಪಾತ್ರೆಯನ್ನು ಅವನ ಕಡೆಗೆ ಸರಿಸಿ ಎದ್ದಳು.

"ಇವತ್ತು ನನ್ನ ಕೈಲಾಗಲ್ಲ, ನುಸೈರನ ಅಪ್ಪಾ."