ಬೆರಕೆಯಿಲ್ಲದ ಗಂಟೆ

ಪಾಲಾಕ್ಷಪ್ಪ ಮೇಷ್ಟ್ರು ಹರಪನಹಳ್ಳಿಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ರಸಾಯನಶಾಸ್ತ್ರ ಹೇಳುವವರು. ಲೋಹದ ಪಾಠ ಬಂತೆಂದರೆ ಅವರಿಗೆ ಹಬ್ಬ. "ಲೋಹದೊಳಗೆ ಎಲೆಕ್ಟ್ರಾನು ಯಾವೊಂದು ಪರಮಾಣುವಿನ ಆಸ್ತಿಯೂ ಅಲ್ಲ, ಊರ ಗೋಮಾಳದಂತೆ ಎಲ್ಲರದು. ಅದಕ್ಕೇ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಬಡಿದರೆ ಪರಮಾಣುಗಳ ಸಾಲು ಜಾರುತ್ತದೆ, ಬಂಧ ಮಾತ್ರ ಬಿಡುವುದಿಲ್ಲ. ಹಾಗಾಗಿ ಬರೀ ತಾಮ್ರ ಮೆತ್ತಗೆ. ನಡುವೆ ದಪ್ಪ ತವರದ ಪರಮಾಣು ಸೇರಿಸಿ, ಸಾಲು ಹೇಗೆ ಜಾರುತ್ತದೋ ನೋಡೋಣ! ಅದೇ ಕಂಚು" ಎಂದು ಮೇಜು ಗುದ್ದುತ್ತಿದ್ದರು. ಅವರ ಧೈರ್ಯವೆಲ್ಲ ಆ ಮೇಜಿನ ಮೇಲೇ ಖರ್ಚಾಗುತ್ತಿತ್ತು ಅಂತ ಕಾಣುತ್ತದೆ.

ತೆಲಿಗಿ ಕಡೆಯ ಅವರ ಹಳ್ಳಿಯಲ್ಲಿ ಬೀರಪ್ಪನ ಗುಡಿಗೆ ಹೊಸ ಗಂಟೆ ಎರೆಸುವ ಮಾತಾಯಿತು. ಮೇಷ್ಟ್ರೇ ಸಮಿತಿಯ ಅಧ್ಯಕ್ಷರು. ಮನೆಮನೆಯಿಂದ ಹಳೇ ತಾಮ್ರ ಬಂತು. ಜಂಬಕ್ಕಜ್ಜಿಯಂತೂ ಮದುವೆಯಲ್ಲಿ ಬಂದ ಹಂಡೆಯನ್ನೇ ತಂದಿಟ್ಟಳು. ಅಷ್ಟರಲ್ಲಿ ಹುಲುಗೇಶ ಬಂದ. ಕೆಳಗಿನ ಕೇರಿಯವನು, ಮೇಷ್ಟ್ರ ಹಳೇ ವಿದ್ಯಾರ್ಥಿ, ಈಗ ಬ್ಯಾಂಕಿನಲ್ಲಿ ನೌಕರಿ. ಕೈಯಲ್ಲಿ ಭಾರದ ಚೀಲ.

"ಸರ್, ನಾಕು ಪಾಲು ತಾಮ್ರಕ್ಕ ಒಂದು ಪಾಲು ತವರ ಬೇಕಲ್ರಿ. ಅದು ನಮ್ಮ ಕೇರಿ ಲೆಕ್ಕಕ್ಕಿರಲಿ."

ಹಿರಿಯರು ಮುಖ ಹುಳ್ಳಗೆ ಮಾಡಿಕೊಂಡರು. ನಿಮ್ಮದು ಬೇಡ ಎಂದು ಬಾಯಿಬಿಟ್ಟು ಹೇಳುವ ಕಾಲ ಹೋಯಿತು, ಕೇಸು ಬೀಳುತ್ತದೆ. ಆದ್ದರಿಂದ ಭಕ್ತಿ ಉಕ್ಕಿತು.

"ದೇವರ ಗಂಟಿ ಅಪ್ಪಟ ತಾಮ್ರದ್ದ ಆಗಬೇಕು. ಬೆರಕಿ ನಡಿಯಂಗಿಲ್ಲ. ಹೌದಲ್ರಿ ಮೇಷ್ಟ್ರೇ?"

ತವರ ಬೆರೆಯದ ಗಂಟೆ ನುಡಿಯುವುದಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಹೇಳಿದರೆ ಅಧ್ಯಕ್ಷಗಿರಿ ಹೋಗುತ್ತದೆ. ಹೇಳದಿದ್ದರೆ ಹುಲುಗೇಶನ ಮುಂದೆ ಮರ್ಯಾದೆ ಹೋಗುತ್ತದೆ. ಅವನು ಅವರನ್ನೇ ನೋಡುತ್ತಿದ್ದ.

"ಶುದ್ಧ ತಾಮ್ರದಾಗ ವಿದ್ಯುತ್ತು ಭಾಳ ಚಲೋ ಹರಿತೈತಿ" ಎಂದರು.

ಸುಳ್ಳೇನಲ್ಲ. ಗಂಟೆಗೆ ಕರೆಂಟು ಕೊಡುವವರು ಯಾರು ಎಂದು ಯಾರೂ ಕೇಳಲಿಲ್ಲ. ವಿಜ್ಞಾನವೇ ಒಪ್ಪಿತೆಂದು ಹಿರಿಯರು ಎದ್ದರು. ಹುಲುಗೇಶ ಚೀಲ ಎತ್ತಿಕೊಂಡು ಹೋದ.

ಎರಕದವನು ತಲೆ ಕೆರೆದುಕೊಂಡ, ಆದರೂ ಹೇಳಿದಂತೆ ಮಾಡಿಕೊಟ್ಟ. ಗಂಟೆ ಕೆಂಪಗೆ ಥಳಥಳ ಹೊಳೆಯಿತು. ಅದನ್ನು ಕಟ್ಟಿದ ಸೋಮವಾರ ಊರೆಲ್ಲ ಗುಡಿಯ ಅಂಗಳದಲ್ಲಿ, ಕೇರಿಯವರು ಅಂಗಳದಾಚೆ. ಪೂಜಾರಿ ಹಗ್ಗ ಎಳೆದ. ತುಂಬಿದ ಜೋಳದ ಚೀಲಕ್ಕೆ ಗುದ್ದಿದ ಹಾಗೆ 'ದಬ್' ಅಂತು. ಇನ್ನೂ ಜೋರಾಗಿ ಎಳೆದ. ಗಂಟೆಯ ನಾಲಿಗೆ ಬಡಿದಲ್ಲಿ ತಗ್ಗು ಬಿತ್ತು.

"ದೇವರು ಮುನಿದಾನ. ಯಾರದೋ ಮೈಲಿಗಿ ಆಗೈತಿ" ಎಂದು ಪೂಜಾರಿ ಅಂಗಳದಾಚೆ ನೋಡಿದ.

"ಮೈಲಿಗಿ ಅಲ್ರಿ, ತವರ ಇಲ್ಲ" ಎಂದ ಹುಲುಗೇಶ ಅಲ್ಲಿಂದಲೇ. "ಬರೇ ತಾಮ್ರದಾಗ ಪರಮಾಣು ಸಾಲು ಜಾರತಾವು. ಅದಕ್ಕ ತಗ್ಗು ಬಿತ್ತು, ನಾದಾನೂ ಇಲ್ಲ."

ಜಂಬಕ್ಕಜ್ಜಿ ಮೇಷ್ಟ್ರ ಕಡೆ ತಿರುಗಿದಳು. "ಏನಪಾ ಪಾಲಾಕ್ಷಿ, ಇದು ನಿನಗ ಗೊತ್ತಿತ್ತೇನು? ಗೊತ್ತಿದ್ದೂ ನನ್ನ ಹಂಡೆ ಕರಗಿಸಿದೇನು?"

ಮೇಷ್ಟ್ರು ಗಂಟೆಯ ತಗ್ಗನ್ನೇ ನೋಡಿದರು. ಊರಿಗೆ ಊರೇ ಕಾಯುತ್ತಿತ್ತು. ಹುಲುಗೇಶ ಅವರ ಮುಖವನ್ನೊಮ್ಮೆ ನೋಡಿದ. ಅವನಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಕನಿಕರ ಬಂತು.

"ಸರ್‌ಗೆ ಗೊತ್ತಿರಲಿಲ್ಲ ಬಿಡಬೇ ಅಜ್ಜಿ" ಎಂದ. "ಈ ಪಾಠ ನಮಗ ಬ್ಯಾರೆಯವರು ಹೇಳಿದ್ರು."

"ಹೌದಬೇ" ಎಂದರು ಪಾಲಾಕ್ಷಪ್ಪ ಮೇಷ್ಟ್ರು, "ನನಗ ಗೊತ್ತಿರಲಿಲ್ಲ."