ಗಂಜಿ ಒಲ್ಲೆನೆಂದ ತಲೆ

ಕ್ರಿಸ್ಪುಲೊ ಕೂತಲ್ಲಿಯೇ ನಡೆಯುವ ಮನುಷ್ಯ. ಅವನ ಎಡಗಾಲು ಸುಮ್ಮನೆ ನೆಲಕ್ಕೂರಿದ್ದನ್ನು ನಮ್ಮ ಓಣಿಯಲ್ಲಿ ಕಂಡವರಿಲ್ಲ. ಇಗರ್ಜಿಯಲ್ಲಿ ಅವನು ಕೂತ ಬೆಂಚಿನ ಉದ್ದಕ್ಕೂ ಆ ಕಾಲಿನ ಕಂಪನ ಹರಿದುಬಂದು, ಇನ್ನೊಂದು ತುದಿಯಲ್ಲಿದ್ದ ನನ್ನ ಕೈಯ ಜಪಮಣಿ ಟಿಕಟಿಕ ಎನ್ನುತ್ತಿತ್ತು. ಪಾದ್ರಿಗಳ ಪ್ರವಚನ ದೀರ್ಘವಾದಷ್ಟೂ ಕಂಪನ ಬಲವಾಗಿ, ಇನ್ನು ಬೆಂಚೇ ಎದ್ದು ಹೊರಟುಬಿಡುತ್ತದೇನೋ ಎನ್ನಿಸುತ್ತಿತ್ತು. ಅವನ ಹೆಂಡತಿ ತಿನಾಂಗ್ ಒಮ್ಮೆ ತಡೆಯಲಾರದೆ ತನ್ನ ಸಂತೆಯ ಚೀಲವನ್ನು ಅವನ ಮೊಣಕಾಲ ಮೇಲೆ ಹೇರಿದಳು. ಚೀಲವೂ ಕುಣಿಯಿತು. "ಒಳಗೆ ಮೊಟ್ಟೆ ಇದಾವೆ ಕಣ್ರೀ!" ಎಂದು ಅವಳು ಕಿರುಚಿದ್ದು ದೇವರ ಪೀಠದವರೆಗೂ ಕೇಳಿಸಿತು.

ಊರಿನ ಕಿರಿಯರಿಗೆಲ್ಲ ಅವನು ಮಾಂಗ್ ಪುಲೊ, ನಾನು ಅಲಿಂಗ್ ಚೋಲೆಂಗ್; ಹಿರಿಯರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ನನಗಿಂತ ಚಿಕ್ಕವನಾದ್ದರಿಂದ ನನಗೆ ಬರೀ ಪುಲೊ. ಜೀಪ್ನಿ ಓಡಿಸುತ್ತಿದ್ದ ಸೋದರಮಾವನಿಂದ ಬಂದ ಖಾಕಿ ಕೋಟೊಂದನ್ನು ಬೇಸಗೆಯ ಉರಿಯಲ್ಲೂ ಬಿಚ್ಚದವನು. ಆ ಕೋಟಿನ ಜೇಬಿನ ತುಂಬ ಕಣ್ಣುಗಳು. ಅಂಗಡಿಯಲ್ಲಿ ಚಿಲ್ಲರೆಗೆಂದು ಕೈಹಾಕಿದರೆ ಅಂಗೈಯಲ್ಲಿ ನಾಣ್ಯದ ಜೊತೆಗೆ ಗಾಜಿನ ಕಣ್ಣೊಂದು ಮೇಲೆ ಬಂದು ಅಂಗಡಿಯವಳನ್ನು ದಿಟ್ಟಿಸುವುದು. ನಮ್ಮೂರಿನಲ್ಲಿ ಗಂಡಸರು ಸಂತರನ್ನು ಕೆತ್ತುತ್ತಾರೆ, ನಾನು ಸಂತರಿಗೆ ಬಟ್ಟೆ ಹೊಲಿಯುತ್ತೇನೆ, ಪುಲೊ ಸಂತರಿಗೆ ಕಣ್ಣು ಕೂರಿಸುತ್ತಿದ್ದ. ಸುಟ್ಟ ಬಲ್ಬುಗಳ ಗಾಜನ್ನು ಕಾಯಿಸಿ ಊದಿ, ಒಳಗೆ ಬಣ್ಣವಿಟ್ಟು, ಹಿಂದಿನಿಂದ ತೆರೆದ ಮರದ ಬುರುಡೆಯೊಳಗೆ ಮೇಣದಲ್ಲಿ ನಿಲ್ಲಿಸುವ ಆ ವಿದ್ಯೆಯಲ್ಲಿ ಅವನಿಗೆ ಸಮನಿರಲಿಲ್ಲ. ಪವಿತ್ರವಾರದ ಮೆರವಣಿಗೆಯಲ್ಲಿ ಎತ್ತರದ ಗಾಡಿಯ ಮೇಲೆ ನಿಂತುಬರುವ ದೇವಮಾತೆಯು ಕೆಳಗೆ ರಸ್ತೆಯಂಚಿನಲ್ಲಿ ಮೇಣದಬತ್ತಿ ಹಿಡಿದ ಮುದುಕಿಯನ್ನೇ ನೋಡಬೇಕು, ಅವಳನ್ನು ಮಾತ್ರ ನೋಡಬೇಕು. ಅದಕ್ಕೆ ಕಣ್ಣಾಲಿಯನ್ನು ಕೂದಲೆಳೆಯಷ್ಟು ಕೆಳಕ್ಕೆ ಬಾಗಿಸಿ ಕೂರಿಸಬೇಕು. ಪುಲೊನ ಕೈಗೆ ಆ ಬಾಗು ಉಸಿರಿನಷ್ಟು ಸಹಜವಾಗಿತ್ತು.

ಅವನ ಬಾಯಿಯಲ್ಲಿ ಸದಾ ಒಂದೇ ಮಾತು: "ಇನ್ನೇನು ಆಯ್ತು." ಸೋರುವ ಮಾಡು, ಅರ್ಧ ಕೆತ್ತಿದ ಸಂತ, ಬಿಚ್ಚಿಟ್ಟ ಫ್ಯಾನು, ಎಲ್ಲಕ್ಕೂ ಇನ್ನೇನು ಆಯ್ತು. ಅಚ್ಚಿನಲ್ಲಿ ಎರಕಹೊಯ್ದ ಹಗುರ ಸಂತರು ಬಂದು ಮರದ ಸಂತರಿಗೆ ಗಿರಾಕಿ ಕಡಿಮೆಯಾದ ಮೇಲೆ ಅವನ ಕೈ ಯಂತ್ರಗಳ ಕಡೆ ಹೊರಳಿತು. ಒಂದು ಕ್ರಿಸ್‌ಮಸ್ಸಿಗೆ ಗೋದಲಿಯ ಎತ್ತಿಗೆ ಫ್ಯಾನಿನ ಮೋಟಾರು ಜೋಡಿಸಿ ತಲೆಯಾಡಿಸುವಂತೆ ಮಾಡಿದ. ಎತ್ತು ಭಕ್ತಿಯಿಂದಲೇ ಆಡಿಸಿತು. ಆಡಿಸುತ್ತಾ ಆಡಿಸುತ್ತಾ ಹುಲ್ಲನ್ನೆಲ್ಲ ನೂಕಿ, ಕೊನೆಗೆ ಬಾಲಯೇಸುವನ್ನು ಪಾದ್ರಿಗಳ ಪಾದದ ಬಳಿಗೆ ಉರುಳಿಸಿತು. ಪುಲೊ ಜನರ ನಡುವಿನಿಂದಲೇ ಕೂಗಿದ: "ಇನ್ನೇನು ಆಯ್ತು, ಫಾದರ್!"

ಅವನಿಗೆ ಒಬ್ಬಳೇ ಮಗಳು, ರೊವೆನಾ, ಮನೆಯಲ್ಲಿ ವೆಂಗ್. ವೃದ್ಧರ ಆರೈಕೆ ಕಲಿಸುವ ಊರಿನ ಶಾಲೆಗೆ ಸೇರಿ, ಪರೀಕ್ಷೆ ಮುಗಿಸಿ ತೈವಾನಿಗೆ ಕೆಲಸಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದಳು. ಪುಲೊ ಹೋಗಬೇಡ ಎನ್ನಲಿಲ್ಲ. ಅವನು ಏನನ್ನೂ ಬಾಯಲ್ಲಿ ಹೇಳುವವನಲ್ಲ. ಒಂದು ದಿನ ವೆಂಗ್ ಮಂಚದ ಕೆಳಗಿಂದ ತನ್ನ ಹೊಸ ಸೂಟ್‌ಕೇಸನ್ನು ಎಳೆದರೆ ಅದು ಕರ್ರೆಂದು ನೆಲ ಗೀಚಿತು.

"ಅಪ್ಪಾ, ನನ್ ಸೂಟ್‌ಕೇಸಿನ ಚಕ್ರ ಎಲ್ಲಿ?"

"ಸಂತ ರೋಕನ ಗಾಡಿಗೆ ಬೇಕಾಗಿತ್ತು ಮಗಳೇ. ಪಾಪ, ಅವನ ಕಾಲಲ್ಲಿ ಹುಣ್ಣು. ನಿಂಗೊತ್ತಲ್ಲ."

"ಹುಣ್ಣಾಗಿ ಆರುನೂರು ವರ್ಷ ಆಯ್ತಂತೆ! ಇವತ್ತು ಹೊಳೀತಾ ನಿಮಗೆ ಚಕ್ರ?" ಎಂದಳು ತಿನಾಂಗ್ ಒಲೆಯ ಬಳಿಯಿಂದ. ಪುಲೊನ ಕಾಲು ಮಾತ್ರ ಉತ್ತರ ಕೊಡುತ್ತಿತ್ತು.

ಆ ಸಲ ವೆಂಗ್ ಪರೀಕ್ಷೆಯಲ್ಲಿ ಸೋತಳು. ಶಾಲೆಯಲ್ಲಿ ಅಭ್ಯಾಸಕ್ಕಿದ್ದ ಪ್ಲಾಸ್ಟಿಕ್ ಗೊಂಬೆಯ ಬಾಯಿ ಸದಾ ತೆರೆದೇ ಇರುತ್ತಿತ್ತು. ಚಮಚ ಹಿಡಿದರಾಯಿತು, ಗಂಜಿ ಇಳಿದುಹೋಗುತ್ತಿತ್ತು. ಪರೀಕ್ಷೆಯ ದಿನ ರೋಗಿಯಾಗಿ ಕೂತಿದ್ದ ಮುದುಕಿ ತುಟಿ ಬಿಗಿದು ಮುಖ ತಿರುಗಿಸಿದಳು. ವೆಂಗ್ ಚಮಚ ಎತ್ತಿಹಿಡಿದುಕೊಂಡೇ ನಿಂತಳು. ಗಂಜಿ ಆರಿತು, ಮುದುಕಿ ತಿರುಗಲಿಲ್ಲ, ಇವಳ ಕಣ್ಣಲ್ಲಿ ನೀರು ಇಳಿಯಿತು. ಶಾಲೆಯ ಮ್ಯಾಡಮ್ ದಾಲಿಸಾಯ್ ಒಳ್ಳೆಯ ಹೆಂಗಸು, ಮನೆಗೇ ಬಂದು, "ಈಸ್ಟರ್ ಕಳೆದ ಮೇಲೆ ಇನ್ನೊಂದು ಸಲ ಇದೆ. ಅದೇ ಕೊನೆ. ಮುಖ ತಿರುಗಿಸೋ ಯಂತ್ರದ ಗೊಂಬೆತಲೆ ಬರುತ್ತೆ ಹೊರದೇಶದಿಂದ, ಅದಿದ್ರೆ ಹುಡುಗೀರು ಕಲೀತಿದ್ರು. ಆದ್ರೆ ಅದರ ದುಡ್ಡಲ್ಲಿ ಒಂದು ಮನೆ ಏಳುತ್ತೆ" ಎಂದರು.

ವೆಂಗ್ ಗೋಡೆಗೆ ಮುಖಮಾಡಿ ಮಲಗಿದ್ದಳು. ಪುಲೊ ಅವಳ ಬೆನ್ನನ್ನೇ ನೋಡುತ್ತ ನಿಂತಿದ್ದ. ಮರುದಿನದ ಮೊದಲ ಜೀಪ್ನಿ ಹತ್ತಿ ಮನಿಲಾದ ಕಿಯಾಪೊ ಸಂತೆಗೆ ಹೋದವನು ಆಟಿಕೆ ವಿಮಾನಗಳ ರೆಕ್ಕೆ ತಿರುಗಿಸುವ ಬೆಂಕಿಪೊಟ್ಟಣದಂಥ ಮೋಟಾರುಗಳನ್ನೂ ಬಿಸ್ಕತ್ತಿನಷ್ಟು ಅಗಲದ ಸರ್ಕ್ಯೂಟ್ ಹಲಗೆಯೊಂದನ್ನೂ ಕೋಟಿನ ಜೇಬಿನಲ್ಲಿ ಕಣ್ಣುಗಳ ಜೊತೆ ಬೆರೆಸಿಕೊಂಡು ಬಂದ.

ಅಂಥ ತಲೆಯನ್ನು ತಾನೇ ಕಟ್ಟಲು ಕೂತ. ಬುರುಡೆಗೆ ಸಂತರನ್ನು ಕೆತ್ತುವ ಮರವೇ. ದವಡೆಗೆ ಕೊಡೆಯ ಕಡ್ಡಿ, ರೆಪ್ಪೆಗೆ ಮೀನಿನ ಗಾಳದ ದಾರ, ಕೊರಳಿಗೆ ಮೇಜುದೀಪದ ಸ್ಪ್ರಿಂಗು. ಎಲ್ಲಕ್ಕೂ ಬಿಸಿ ಅಂಟಿನ ಪಿಸ್ತೂಲು. ತಿನಾಂಗಳ ಬುತ್ತಿಡಬ್ಬಿಯೊಂದಕ್ಕೆ ತೂತು ಕೊರೆದು ಹಳೆಯ ರೇಡಿಯೋ ಗುಂಡಿಗಳನ್ನು ಕೂರಿಸಿದ. ಒಂದು ತಿರುಗಿಸಿದರೆ ಕೊರಳು, ಒಂದು ತಿರುಗಿಸಿದರೆ ಕಣ್ಣು, ಒಂದಕ್ಕೆ ಬಾಯಿ. ಕಿಟಕಿಯ ಸಂದು ಮುಚ್ಚುವ ಸಿಲಿಕೋನ್ ಅಂಟಿಗೆ ಜೋಳದ ಹಿಟ್ಟು ಸೇರಿಸಿ ಕಡುಬಿನ ಹದಕ್ಕೆ ನಾದಿ ಚರ್ಮ ಮಾಡಿದ. ಅದು ಬಾಯಿಯ ಮೂಲೆಯಲ್ಲಿ ಹರಿಯುತ್ತಿತ್ತು. ಆಗ ನನ್ನ ಬಳಿಗೆ ಬಂದ.

"ಅಲಿಂಗ್ ಚೋಲೆಂಗ್, ಮಾತೆಯ ಮುಸುಕಿನ ಜಾಲರಿ ಬಟ್ಟೆ ಉಳಿದಿದ್ರೆ ಒಳಗಡೆ ಹೊಲಿದು ಕೊಡ್ತೀರಾ? ಮತ್ತೆ…" ಎಂದು ನಿಂತ. ಕಾಲು ನಿಲ್ಲಲಿಲ್ಲ.

"ಮತ್ತೆ ಏನು? ಹೇಳು, ನನ್ ನೆಲ ಸವೀತಾ ಇದೆ."

"ಬೆರ್ತೊ ಕೊನೇಗೆ ಹೇಗೆ ಬೇಡ ಅಂತಿದ್ದ?"

ನನ್ನ ಗಂಡ ಬೆರ್ತೊ ಮಾತು ಬಿದ್ದುಹೋಗಿ ಮಲಗಿದ್ದ ಕಾಲದಲ್ಲಿ ಊಟ ಮಾಡಿಸಿದವಳು ನಾನು. ಯಾರೂ ಇದನ್ನು ನನ್ನಲ್ಲಿ ಕೇಳಿರಲಿಲ್ಲ. ಎಲ್ಲರೂ ಏನು ತಿನ್ನುತ್ತಾನೆ ಎಂದು ಕೇಳುತ್ತಿದ್ದರು.

"ಬಾಯಿ ಮುಚ್ಚೋದು ಕಡೇಗೆ," ಎಂದೆ. "ಮೊದ್ಲು ಕಣ್ಣು ಕಿಟಕಿ ಕಡೆ ಹೋಗೋದು. ಆಮೇಲೆ ಗಲ್ಲ ಗಟ್ಟಿಯಾಗೋದು, ನೋಡು, ಹೀಗೆ. ಚಮಚ ಇನ್ನೂ ಬಟ್ಟಲಲ್ಲೇ ಇರ್ತಿತ್ತು. ಅಷ್ಟರಲ್ಲಿ ಅವನು ಮನಸ್ಸಲ್ಲಿ ಎದ್ದು ಹೋಗಿಬಿಟ್ಟಿರ್ತಿದ್ದ."

ಪುಲೊ ನನ್ನ ಗಲ್ಲದ ಮೇಲೆ ಬೆರಳಿಟ್ಟು, ಎಳೆಯುವ ನರವೆಲ್ಲಿ ಎಂದು ಮರ ನೋಡಿದ ಹಾಗೆ ನೋಡಿದ. ನಾನು ಚರ್ಮ ಹೊಲಿದುಕೊಟ್ಟು ಮುಗಿಸಿದ ದಿನ ಅವನು ಗುಂಡಿ ತಿರುಗಿಸಿದ. ಅಪರಿಚಿತ ಮುಖವೊಂದರಲ್ಲಿ ಮೊದಲು ಕಣ್ಣು ಕಿಟಕಿಗೆ ಹೋಯಿತು, ಆಮೇಲೆ ಗಲ್ಲ ಬಿಗಿಯಿತು. ನಾನು ಸೂಜಿ ಕೆಳಗಿಟ್ಟು ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ಕೋಳಿಗಳನ್ನು ಓಡಿಸಿದೆ.

ತಪ್ಪು ಗೊತ್ತಾದದ್ದು ತಲೆಯನ್ನು ಮೇಜಿನ ಮೇಲೆ ನಿಲ್ಲಿಸಿದ ಮೇಲೆ. ಅದು ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ. ಎಡಕ್ಕೂ ಬಲಕ್ಕೂ ಹೊರಳುತ್ತಿದ್ದ ಕಣ್ಣು, ನೇರಕ್ಕೆ ಬಂದಾಗ ಮಾತ್ರ ನಮ್ಮ ಸೊಂಟದ ಕಡೆಗೆ ಇಳಿಯುತ್ತಿತ್ತು. ಪುಲೊನ ಕೈ ತನ್ನಷ್ಟಕ್ಕೆ ತಾನೇ, ಕೇಳದೆ, ಕಣ್ಣನ್ನು ಸಂತನ ಬಾಗಿಗೆ ಕೂರಿಸಿಬಿಟ್ಟಿತ್ತು. ಮೋಟಾರನ್ನೂ ಆ ಬಾಗಿಗೇ ಅಂಟಿಸಿಬಿಟ್ಟಿದ್ದ. ಸರಿಮಾಡಬೇಕೆಂದರೆ ಬುರುಡೆ ಒಡೆಯಬೇಕು. ಪವಿತ್ರವಾರ ಬಂದುಬಿಟ್ಟಿತ್ತು, ಅದರ ಬೆನ್ನಿಗೇ ಪರೀಕ್ಷೆ.

"ಇದು ಗಂಜಿ ಕೇಳೋ ಮುಖ ಅಲ್ಲ, ಮೇಣದಬತ್ತಿ ಕೇಳೋ ಮುಖ," ಎಂದಳು ತಿನಾಂಗ್. "ಬಾಯಿಗೆ ಚಮಚ ಇಡೋಕಿಂತ ಪಾದಕ್ಕೆ ಹೂವಿಡೋದು ವಾಸಿ."

"ಇನ್ನೇನು ಆಯ್ತು."

"ಏನು ಆಯ್ತು? ಮಗಳ ಪರೀಕ್ಷೆಯಾ?"

ಅಭ್ಯಾಸ ಶುರುವಾಯಿತು. ವೆಂಗ್ ಮೇಜಿನ ಮುಂದೆ ನಿಲ್ಲುವಳು. ಪುಲೊ ಹಿಂದೆ ಕೂತು ಬುತ್ತಿಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುವನು. ಚಮಚ ಮೇಲೇರುವಷ್ಟರಲ್ಲಿ ಕಣ್ಣು ಕಿಟಕಿಗೆ. ಎಡದಿಂದ ಬಂದರೆ ಬಲಕ್ಕೆ, ಬಲದಿಂದ ಬಂದರೆ ಎಡಕ್ಕೆ. ಅವಳು ನಗಿಸಿದಳು, ಗದರಿದಳು, ಬಾಳೆಹಣ್ಣು ತೋರಿಸಿದಳು. ತಲೆ ಒಲ್ಲೆನೆಂದಿತು. ದಿನ ಕಳೆದಂತೆ ಇನ್ನೂ ಒಲ್ಲೆನೆಂದಿತು. ಓಣಿಯವರು ಕಿಟಕಿಯಲ್ಲಿ ಇಣುಕಿ, "ತಲೆ ಅಲ್ಲ ಕಣೇ, ನಿಮ್ಮಪ್ಪ ಬೇಡ ಅಂತಿರೋದು!" ಎಂದು ನಗುತ್ತಿದ್ದರು. ನಗೆಯೊಳಗೆ ನಿಜವಿತ್ತು. ತಿನಾಂಗ್ ಸೌಟು ಹಿಡಿದು ಬಂದಳು.

"ಒಂದ್ಸಲ ಬಾಯಿ ತೆಗೀರಿ! ಅವಳಿಗೆ ಕಲಿಸೋಕೆ ಕಟ್ಟಿದ್ರಾ, ಕೂಡಿಹಾಕೋಕೆ ಕಟ್ಟಿದ್ರಾ?"

"ನಿಜವಾದ ಮುದುಕರು ತೆಗಿಯಲ್ಲ," ಎಂದ ಪುಲೊ. "ಬೇಕಾದ್ರೆ ಅಲಿಂಗ್ ಚೋಲೆಂಗ್‌ನ ಕೇಳು."

ಮೂಲೆಯಲ್ಲಿ ಹೊಲಿಗೆ ಹಿಡಿದು ಕೂತಿದ್ದ ನನ್ನನ್ನು ತಾಯಿ ಮಗಳಿಬ್ಬರೂ ನೋಡಿದರು. ನಾನು ಸೂಜಿಗೆ ದಾರ ಪೋಣಿಸಿದೆ. ಅವನು ಹೇಳಿದ್ದು ಸತ್ಯವೇ. ಆದರೆ ಅವನು ಆ ಸತ್ಯದ ಹಿಂದೆ ಅಡಗಿ ಕೂತಿದ್ದ.

ಈಸ್ಟರ್ ಮುಗಿದ ಮಾರನೆಯ ಮಧ್ಯಾಹ್ನ ವೆಂಗ್ ಅಡಿಗೆಮನೆಯಿಂದ ತೆಂಗಿನಕಾಯಿಯ ತುರಿಮಣೆಯನ್ನು ತಂದಳು. ಬೆಳಗಿನಿಂದ ನಿಂತು ಕಾಲು ಸೋತಿತ್ತೋ, ಸಾಕಾಗಿತ್ತೋ, ಮೇಜಿನ ಬುಡದಲ್ಲಿ ಅದರ ಮೇಲೆ ಕುಕ್ಕರಿಸಿದಳು. ತಲೆಯೆತ್ತಿದಳು. ಕೆಳಕ್ಕೆ ಬಾಗಿದ್ದ ಆ ಗಾಜಿನ ಕಣ್ಣು ನೇರವಾಗಿ ಅವಳ ಕಣ್ಣೊಳಗಿತ್ತು.

ನಾನು ಪಕ್ಕದಲ್ಲೇ ಕೂತು ಸಂತ ರೋಕನ ಮೇಲಂಗಿಗೆ ಅಂಚು ಹೊಲಿಯುತ್ತಿದ್ದೆ. ಗಾಡಿಯ ಮೇಲಿನ ಮಾತೆಯ ಮುಂದೆ ನಾವೆಲ್ಲ ನಿಲ್ಲುವ ಎತ್ತರದಲ್ಲಿ ಆ ಹುಡುಗಿ ಕೂತಿದ್ದಳು. ಚಮಚವನ್ನು ಎತ್ತಲಿಲ್ಲ. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದಳು:

"ಈಗ ಬೇಡ್ವಾ? ಸರಿ. ಬೇಕಾದಾಗ ಹೇಳಿ. ನಂಗೇನೂ ಅವಸರ ಇಲ್ಲ."

ಗಂಜಿಯ ಹಬೆ ಸಣ್ಣದಾಯಿತು. ಕಣ್ಣು ಕಿಟಕಿಗೆ ಹೋಯಿತು. ಅವಳೂ ಕಿಟಕಿಯಾಚೆಯ ನೀರಿನತ್ತ ನೋಡಿದಳು. "ಸರೋವರದಲ್ಲಿ ಇವತ್ತು ಗಾಳಿ ಇದೆ ಅಲ್ವಾ," ಎಂದಳು. ಕಣ್ಣು ತಿರುಗಿ ಬಂತು. ಅವಳು ಕಾದೇ ಇದ್ದಳು.

ಆಗ ನನಗೊಂದು ವಿಚಿತ್ರ ಕೇಳಿಸಿತು: ಏನೂ ಕೇಳಿಸಲಿಲ್ಲ. ಪುಲೊನ ಕಾಲು ನಿಂತಿತ್ತು. ಅವನ ಹೆಬ್ಬೆರಳು ಬಾಯಿಯ ಗುಂಡಿಯ ಮೇಲಿತ್ತು. ಉಗುರು ಬಿಳಿಚಿಕೊಳ್ಳುವಷ್ಟು ಗಟ್ಟಿಯಾಗಿ ಒತ್ತಿಹಿಡಿದಿದ್ದ. ಆಮೇಲೆ ಅದು ತಿರುಗಿತು. ನನ್ನ ಜಾಲರಿ ಬಟ್ಟೆಯ ಹೊಲಿಗೆ ಒಂದಿಷ್ಟು ಕಿರುಗುಟ್ಟಿತು, ತುಟಿ ಬಿಟ್ಟಿತು. ವೆಂಗ್ ಕೆಳಗಿನಿಂದ ಚಮಚ ತಂದಳು. ತಲೆ ಅವಳಿಗಾಗಿ ಗಲ್ಲವನ್ನು ಸ್ವಲ್ಪ ಇಳಿಸಿತು. ಗಂಜಿ ಗಂಟಲಿನ ಕೊಳವೆಯಲ್ಲಿ ಇಳಿಯುವ ಸದ್ದು ಕೇಳಿತು.

"ಆಯ್ತು," ಎಂದ ಪುಲೊ. ಅಷ್ಟೇ. ಆ ಮಾತಿಗೆ ಮೊದಲು ಸದಾ ಬರುತ್ತಿದ್ದ 'ಇನ್ನೇನು' ಅವನ ಬಾಯಿಂದ ಬೀಳದೆ ಉಳಿದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ವೆಂಗ್ ಪರೀಕ್ಷೆಯಲ್ಲಿ ತಾನೇ ಒಂದು ಮೋಟುಕುರ್ಚಿ ಕೇಳಿ ಪಡೆದಳಂತೆ, ಗೆದ್ದಳು. ಮ್ಯಾಡಮ್ ದಾಲಿಸಾಯ್ ಹೇಳಿದರು: ನಿಂತು ತಿನ್ನಿಸಿದರೆ ಮುದುಕರು ಕತ್ತೆತ್ತಿ ನೆತ್ತಿಗೇರಿಸಿಕೊಳ್ಳುತ್ತಾರೆ, ಕೆಳಗೆ ಕೂರಬೇಕೆಂದು ಬಾಯಿ ನೋಯುವಷ್ಟು ಹೇಳಿದ್ದೇನೆ, ಹುಡುಗಿಯರ ಕಾಲಿಗೆ ಅದು ಕೇಳಿಸಿದ್ದು ಈಗ. ತಲೆ ಶಾಲೆಗೆ ಹೋಯಿತು. ಪುಲೊ ಬುರುಡೆ ಒಡೆದು ಕಣ್ಣನ್ನು ನೇರಮಾಡುತ್ತೇನೆಂದು ಉಳಿ ಹಿಡಿದು ಹೋದರೆ, ಮ್ಯಾಡಮ್ ಬಾಗಿಲಿಗೆ ಅಡ್ಡ ನಿಂತು, "ಅದನ್ನ ಮುಟ್ಟಿದ್ರೆ ನಿಮ್ಮ ಕೈ ಮುರೀತೀನಿ, ಮಾಂಗ್ ಪುಲೊ" ಎಂದರು.

ಆಗಸ್ಟಿನಲ್ಲಿ ಸಂತ ರೋಕನ ಹಬ್ಬದ ದಿನ ಗಾಡಿ ಹೊರಡಲಿಲ್ಲ. ಸಂತನನ್ನು ಹೆಗಲ ಮೇಲೆ ಹೊತ್ತರು. ಬೆವರಿಳಿಸುತ್ತ ಹೊತ್ತವರು ಪುಲೊನನ್ನು ಬೈದ ಬೈಗುಳ ಸಂತನ ಕಿವಿಗೂ ಬಿದ್ದಿರಬೇಕು. ಗಾಡಿಯ ಚಕ್ರಗಳು ಆ ವೇಳೆಗೆ ವೆಂಗಳ ಸೂಟ್‌ಕೇಸಿನ ಕೆಳಗೆ, ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ, ಎಣ್ಣೆ ಹಾಕಿಸಿಕೊಂಡು, ಸದ್ದೇ ಇಲ್ಲದೆ ಉರುಳುತ್ತಿದ್ದವು.

ಇಂಥ ಜನರನ್ನು ನಾನು ಬಹಳ ಕಂಡಿದ್ದೇನೆ. ನಮ್ಮ ಊರು ಅಂಥವರಿಂದಲೇ ತುಂಬಿದೆ. ಇವರ ಬಾಯಿಗೆ ಬೇಡ ಎನ್ನಲೂ ಬಾರದು, ಹೋಗಿ ಬಾ ಎನ್ನಲೂ ಬಾರದು; ಎರಡನ್ನೂ ಕೈಯೇ ಹೇಳಬೇಕು, ಅದಕ್ಕೇ ಕೈಗೆ ಬಿಡುವಿಲ್ಲ, ಕಾಲಿಗೆ ನೆಲೆಯಿಲ್ಲ. ಮುಚ್ಚಿಡಲೆಂದು ಏನನ್ನೋ ಕಟ್ಟುತ್ತಾರೆ. ಕಟ್ಟುವಾಗ ಕೈ ತನಗೆ ಗೊತ್ತಿದ್ದ ಒಂದೇ ಒಳ್ಳೆಯತನವನ್ನು ಅದರೊಳಗೆ ಕೂರಿಸಿಬಿಡುತ್ತದೆ. ಮುಚ್ಚಿದ್ದನ್ನು ಕೊನೆಗೆ ತೆರೆಯುವುದು ಅದೇ. ಈಗಲೂ ಇಗರ್ಜಿಯಲ್ಲಿ ನನ್ನ ಜಪಮಣಿ ಟಿಕಟಿಕ ಎನ್ನುತ್ತದೆ. ನಿಲ್ಲಿಸು ಎಂದು ನಾನು ಹೇಳುವುದಿಲ್ಲ. ಆ ಕಾಲು ನಿಂತ ದಿನ ಏನಾಯಿತೆಂದು ನೋಡಿದವಳು ನಾನು.