ಪಿನಾಕ್ ಅವರ ಎರಡು ಹಲ್ಲು

ಎವರಾಲ್ಡ್ ಪಿನಾಕ್ ಅವರ ಮೇಲಿನ ಎರಡು ಮುಂದಿನ ಹಲ್ಲು ಬೆರಳು ತಾಗಿದರೆ ಅಲುಗುತ್ತಿದ್ದವು. ವಾಷಿಂಗ್ಟನ್ ಪಕ್ಕದ ಸಿಲ್ವರ್ ಸ್ಪ್ರಿಂಗ್‌ನ ದಂತವೈದ್ಯೆ ಗಂಗಾಂಬಿಕಾ ಎಕ್ಸ್‌ರೇ ತೋರಿಸಿ, ಇವು ಉಳಿಯುವುದಿಲ್ಲ, ಈ ವಾರವೇ ಕೀಳೋಣ ಎಂದಳು.

"ಶನಿವಾರ ಕಳೀಲಿ. ವಾಷಿಂಗ್ಟನ್‌ನಲ್ಲಿ ಟ್ರಂಪೆಟ್ ಊದಬೇಕು."

ಅವರಿಗೆ ಎಂಬತ್ತು ದಾಟಿತ್ತು. ಹರೆಯದಲ್ಲಿ ಕಿಂಗ್‌ಸ್ಟನ್ನಿನ ಸ್ಟುಡಿಯೋಗಳಲ್ಲಿ ಸ್ಕಾ ಎಂಬ ಕುಣಿತದ ಹಾಡುಗಳಿಗೆ ಊದಿದವರು. ಜಮೈಕಾ ಇಡೀ ಕುಣಿದ ಆ ರೆಕಾರ್ಡುಗಳ ಮೇಲೆ ಗಾಯಕರ ಹೆಸರಿತ್ತು, ಇವರದಿರಲಿಲ್ಲ. ಆಮೇಲೆ ಇಲ್ಲಿಗೆ ಬಂದು ಬಸ್ಸು ಓಡಿಸಿದರು, ಭಾನುವಾರಗಳಂದು ಚರ್ಚಿನಲ್ಲಿ ಊದಿದರು. ಕೋವಿಡ್ ಮುಗಿದ ಮೇಲೆ ಯಾರೋ ಹುಡುಕಿಕೊಂಡು ಬಂದು ಈ ಶನಿವಾರಕ್ಕೆ ಸನ್ಮಾನ ಇಟ್ಟುಕೊಂಡಿದ್ದರು.

"ಸನ್ಮಾನಕ್ಕೆ ಊದಲೇಬೇಕಾ?"

"ಅವರೂ ಅದನ್ನೇ ಅಂತಾರೆ. ಕುರ್ಚೀಲಿ ಕೂತು ಕೈ ಬೀಸಿ ಸಾಕು, ಹಳೇ ರೆಕಾರ್ಡ್ ಹಾಕ್ತೀವಿ ಅಂತ. ಡಾಕ್ಟರೇ, ಹಾಗೆ ಮಾಡೋದು ಸತ್ತವರಿಗೆ."

"ಊದೋವಾಗಲೇ ಉದುರಬಹುದು."

"ಆರಿಸಿ ಜೇಬಿಗೆ ಹಾಕ್ಕೋತೀನಿ."

ಕಟ್ಟಿಸಿದ ಹಲ್ಲಿಗೆ ತುಟಿ ಒಗ್ಗಬೇಕಾದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಈ ವಯಸ್ಸಿನಲ್ಲಿ ಒಗ್ಗುತ್ತದೆಂಬ ನಂಬಿಕೆ ಅವರಿಗಿರಲಿಲ್ಲ. ಶನಿವಾರ ತಪ್ಪಿದರೆ ಮತ್ತೆ ಇಲ್ಲ.

ಸಂಜೆ ಮನೆಯಲ್ಲಿ ಅವಳು ಈ ಮಾತೆತ್ತಿದಾಗ, ಪೂಜೆ ಮುಗಿಸಿ ವಚನ ಹೇಳಿಕೊಳ್ಳುತ್ತಿದ್ದ ತಾಯಿ ರೇಣುಕಾದೇವಿ ಅರ್ಧಕ್ಕೇ ನಿಲ್ಲಿಸಿದರು.

"ನೀ ಮಾಡಿಕೊಟ್ಟ ಹಲ್ಲಿನ ಸೆಟ್ಟು ಊಟಕ್ಕ ಹಾಕ್ಕೋತೀನಿ, ವಚನಕ್ಕ ತೆಗದಿಡತೀನಿ. ಯಾಕ ಅಂತ ಒಮ್ಮೆರ ಕೇಳೀಯೇನು?"

"ಚುಚ್ಚತದ ಅನ್ಕೊಂಡಿದ್ದೆ, ಅವ್ವಾ."

"ಚುಚ್ಚೂದಿಲ್ಲ. ಅದು ಬಾಯಾಗಿದ್ರ ಮತ್ಯಾರೋ ಹೇಳಿಧಂಗ ಕೇಳಸ್ತದ. ಆ ಅಜ್ಜಗ ಶನಿವಾರದತನಾ ಅವನ ಬಾಯಿ ಇರಲಿ. ಏನರ ಮಾಡು."

ಮರುದಿನ ಗಂಗಾಂಬಿಕಾ ಅಲುಗುವ ಹಲ್ಲುಗಳನ್ನು ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಸಣ್ಣ ತಂತಿಯಿಂದ ಕಟ್ಟಿ ಅಂಟು ಹಚ್ಚಿದಳು. ಪಿನಾಕ್ ಅಲ್ಲೇ ಪೆಟ್ಟಿಗೆ ತೆರೆದು ಟ್ರಂಪೆಟ್ ತುಟಿಗಿಟ್ಟರು. ತಂತಿ ತುಟಿಯನ್ನು ಕುಯ್ದಿತು.

"ಬಾಯಿಗೆ ಮುಳ್ಳುಬೇಲಿ ಹಾಕಿದ್ದೀರಲ್ಲ. ಹಲ್ಲಿನ ಹಿಂದೆ ಹಾಕಿ."

ಎಲ್ಲ ಬಿಚ್ಚಿ, ಊಟದ ಹೊತ್ತು ಕಳೆದುಕೊಂಡು, ಹಿಂಬದಿಗೆ ಕಟ್ಟಿದಳು. ಪಿನಾಕ್ ಊದಿದರು. ರಿಸೆಪ್ಷನ್ನಿನ ಹೆಂಗಸು ಓಡಿಬಂದು, ಹೊರಗೆ ಪೇಷೆಂಟ್‌ಗಳು ಬೆಚ್ಚಿಬೀಳುತ್ತಿದ್ದಾರೆ, ನಿಲ್ಲಿಸಬೇಕು ಎಂದಳು. ಗಂಗಾಂಬಿಕಾ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.

"ಇನ್ನೊಂದ್ಸಲ ಊದಿ," ಎಂದಳು.

ಶನಿವಾರ ತಾಯಿ ಮಗಳಿಬ್ಬರೂ ಮೆಟ್ರೋ ಹಿಡಿದು ಹೋದರು. ವೇದಿಕೆಯ ನಡುವೆ ಮೆತ್ತೆ ಹಾಕಿದ ಕುರ್ಚಿ ಇತ್ತು. ಸಂಘಟಕ ತೋಳು ಹಿಡಿದು ಕೂರಿಸಲು ಬಂದರೆ ಪಿನಾಕ್ ಆ ಕುರ್ಚಿಯನ್ನು ಅವನ ಕಡೆಗೇ ತಳ್ಳಿದರು.

"ನೀನು ಕೂತ್ಕೋ ಮಗಾ. ನಿಂತೂ ನಿಂತೂ ದಣಿದಿದ್ದೀಯ."

ಮೊದಲ ಸ್ವರ ನಡುಗಿತು. ಸಂಘಟಕ ರೆಕಾರ್ಡ್ ಹಾಕಲು ಸನ್ನೆ ಮಾಡಿದ. ಪಿನಾಕ್ ಊದುತ್ತಲೇ ತಲೆಯಾಡಿಸಿ ಬೇಡವೆಂದರು. ಹಿಂದೆ ಗಿಟಾರ್ ಹಿಡಿದು ನಿಂತಿದ್ದ ಹುಡುಗಿ, ಸ್ಕಾದ ರೀತಿಯಂತೆ, ಪೆಟ್ಟು ಬೀಳಬೇಕಾದಲ್ಲಿ ಬಿಟ್ಟು, ಬಿಡಬೇಕಾದಲ್ಲಿ ಮೀಟತೊಡಗಿದಳು. ಸಭೆ ಎದ್ದು ನಿಂತು ಕುಣಿಯತೊಡಗಿತು.

ನಡುವೆ ಟ್ರಂಪೆಟ್ ತಟ್ಟನೆ ನಿಂತಿತು. ಪಿನಾಕ್ ಅವರ ತುಟಿಯಲ್ಲಿ ರಕ್ತ. ಎದ್ದು ನಿಂತ ಗಂಗಾಂಬಿಕಾಳ ಕೈಯನ್ನು ತಾಯಿ ಹಿಡಿದೆಳೆದರು.

"ಕೂಡು. ಅಂವ ಇನ್ನೂ ಮುಗಿಸಿಲ್ಲ."

ಪಿನಾಕ್ ಬಾಯಿಗೆ ಬೆರಳು ಹಾಕಿ, ತಂತಿಯಿಂದ ಕಳಚಿದ ಒಂದು ಹಲ್ಲನ್ನು ತೆಗೆದು ಜೇಬಿಗೆ ಹಾಕಿಕೊಂಡರು. ತುಟಿಯನ್ನು ತೋಳಿಗೆ ಒರೆಸಿ, ಟ್ರಂಪೆಟ್ಟನ್ನು ಕೊಂಚ ಎಡಕ್ಕೆ ಸರಿಸಿಕೊಂಡು, ಹಾಡನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು.